ಭತ್ತದ ಕಂದಾಯ, ರೇಷ್ಮೆಯ ಎಳೆ: ಮೇಜಿ ಜಪಾನ್ ಸಿರಿವಂತವಾದ ಬಗೆ

1853ರ ಜುಲೈ ತಿಂಗಳಲ್ಲಿ ಅಮೆರಿಕದ ನೌಕಾಧಿಪತಿ ಮ್ಯಾಥ್ಯೂ ಪೆರಿ ನಾಲ್ಕು ಯುದ್ಧನೌಕೆಗಳೊಡನೆ ಎಡೋ ಕೊಲ್ಲಿಯ ಬಾಯಿಯಲ್ಲಿರುವ ಉರಾಗಾಕ್ಕೆ ಬಂದು ಲಂಗರು ಹಾಕಿದಾಗ, ಜಪಾನ್ ಬಡದೇಶವೂ ಆಗಿರಲಿಲ್ಲ, ಬಲಿಷ್ಠ ದೇಶವೂ ಆಗಿರಲಿಲ್ಲ. ಎರಡೂವರೆ ಶತಮಾನಗಳಿಂದ ತೊಕುಗಾವಾ ಮನೆತನದ ಶೋಗನ್‌ಗಳು, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ನಿಜವಾದ ಅಧಿಕಾರ ನಡೆಸುತ್ತಿದ್ದ ಸೇನಾಧಿಪತಿಗಳು, ಸುಮಾರು 260 ಸಾಮಂತ ಸಂಸ್ಥಾನಗಳನ್ನು ಹದ್ದುಬಸ್ತಿನಲ್ಲಿಟ್ಟುಕೊಂಡು ಒಳನಾಡಿನಲ್ಲಿ ಶಾಂತಿಯನ್ನು ಕಾಪಾಡಿದ್ದರು. ಆ ದೀರ್ಘ ಶಾಂತಿಯಲ್ಲಿ ಎಡೋ, ಅಂದರೆ ಇಂದಿನ ಟೋಕಿಯೋ ನಗರ, ಹತ್ತು ಲಕ್ಷ ಜನರ ಊರಾಗಿ ಬೆಳೆದಿತ್ತು, ಒಸಾಕಾದ ಅಕ್ಕಿ ವರ್ತಕರು ಬರಲಿರುವ ಬೆಳೆಯ ಮೇಲೆ ಮುಂಗಡ ವ್ಯಾಪಾರ ನಡೆಸುವಷ್ಟು ನುರಿತಿದ್ದರು, ತೆರಾಕೋಯಾ ಎಂಬ ಊರ ಶಾಲೆಗಳಲ್ಲಿ ಕಲಿತ ಹುಡುಗರ ಪ್ರಮಾಣ ಅಂದಿನ ಏಷ್ಯಾದ ಬೇರಾವ ದೇಶಕ್ಕೂ ಬಿಟ್ಟುಕೊಡುವಂತಿರಲಿಲ್ಲ. ಆದರೆ ಇಷ್ಟೆಲ್ಲ ಇದ್ದೂ, ಎರಡು ಹೊಗೆನೌಕೆಗಳೂ ಎರಡು ಹಾಯಿಹಡಗುಗಳೂ ಇದ್ದ ಒಂದು ಪುಟ್ಟ ಪಡೆಯನ್ನು ಹಿಂದಕ್ಕಟ್ಟುವ ಶಕ್ತಿ ಆ ಸರ್ಕಾರಕ್ಕೆ ಇರಲಿಲ್ಲ. ಅದರ ಮುಖ್ಯ ಆದಾಯ ತನ್ನ ಸ್ವಂತ ಭೂಮಿಯಿಂದ ಬರುವ ಅಕ್ಕಿಯೇ ಆಗಿತ್ತು; ಉಳಿದ ಸಂಸ್ಥಾನಗಳ ಅಕ್ಕಿಯ ಮೇಲೆ ಅದಕ್ಕೆ ಹಕ್ಕಿರಲಿಲ್ಲ; ದೇಶವನ್ನು ಕಾಯಬೇಕಾದ ಸಮುರಾಯ್‌ಗಳು, ಅಂದರೆ ವಂಶಪಾರಂಪರ್ಯವಾಗಿ ಸಂಬಳ ಪಡೆಯುತ್ತಿದ್ದ ಯೋಧವರ್ಗದವರು, ಬಹುಮಟ್ಟಿಗೆ ಸಾಲಗಾರ ಗುಮಾಸ್ತರಾಗಿ ಮಾರ್ಪಟ್ಟಿದ್ದರು.

1854ರ ಕನಗಾವಾ ಒಪ್ಪಂದ ಎರಡು ಬಂದರುಗಳನ್ನು ತೆರೆಯಿತು. ನಿಜವಾದ ಪೆಟ್ಟು ಬಿದ್ದದ್ದು 1858ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯಾ ಮತ್ತು ಹಾಲೆಂಡ್‌ಗಳೊಡನೆ ಮಾಡಿಕೊಂಡ ವಾಣಿಜ್ಯ ಒಪ್ಪಂದಗಳಿಂದ. ಅವುಗಳ ಪ್ರಕಾರ ಜಪಾನಿನ ನೆಲದಲ್ಲಿ ತಪ್ಪು ಮಾಡಿದ ವಿದೇಶಿಯರನ್ನು ಜಪಾನಿನ ನ್ಯಾಯಾಲಯ ವಿಚಾರಿಸುವಂತಿರಲಿಲ್ಲ, ಆಮದಿನ ಮೇಲಿನ ಸುಂಕವನ್ನು ಜಪಾನ್ ತನ್ನಿಚ್ಛೆಯಂತೆ ಏರಿಸುವಂತಿರಲಿಲ್ಲ. 1866ರ ತಿದ್ದುಪಡಿಯ ನಂತರ ಆ ಸುಂಕ ಹೆಚ್ಚುಕಡಿಮೆ ಶೇಕಡಾ 5ಕ್ಕೆ ಇಳಿಯಿತು. 1859ರಲ್ಲಿ ಯೊಕೊಹಾಮಾ ಬಂದರು ತೆರೆದ ಕೂಡಲೇ ಇನ್ನೊಂದು ವಿಪತ್ತು ಒದಗಿತು. ಜಪಾನಿನೊಳಗೆ ಒಂದು ತೂಕದ ಚಿನ್ನಕ್ಕೆ ಸುಮಾರು ಐದು ತೂಕದ ಬೆಳ್ಳಿ ಸಾಕಾಗುತ್ತಿದ್ದರೆ, ಹೊರಜಗತ್ತಿನಲ್ಲಿ ಹದಿನೈದು ತೂಕ ಬೇಕಾಗುತ್ತಿತ್ತು. ಹೀಗಾಗಿ ಬೆಳ್ಳಿ ತಂದು ಚಿನ್ನದ ನಾಣ್ಯ ಕೊಂಡೊಯ್ದ ವಿದೇಶಿ ವರ್ತಕರು ಶಾಂಘೈ ತಲುಪುವಷ್ಟರಲ್ಲಿ ಮೂರುಪಟ್ಟು ಹಣ ಮಾಡಿದರು. ಶೋಗನ್ ಸರ್ಕಾರ ನಾಣ್ಯದ ಚಿನ್ನವನ್ನು ತಗ್ಗಿಸಿ ಈ ಸೋರಿಕೆಯನ್ನು ತಡೆಯಿತಾದರೂ ಅದರಿಂದ ಬೆಲೆಗಳು ಏರಿ, ನಿಗದಿತ ಸಂಬಳದ ಸಮುರಾಯ್‌ಗಳು ಮತ್ತಷ್ಟು ಕಂಗೆಟ್ಟರು. 1868ರ ಜನವರಿಯಲ್ಲಿ ಸತ್ಸುಮಾ ಮತ್ತು ಚೋಷು ಎಂಬ ನೈಋತ್ಯದ ಎರಡು ಸಂಸ್ಥಾನಗಳ ಯೋಧರು, ಹದಿನೈದರ ಹರೆಯದ ಚಕ್ರವರ್ತಿಯ ಹೆಸರಿನಲ್ಲಿ, ಶೋಗನ್ ಆಡಳಿತವನ್ನು ಕೊನೆಗಾಣಿಸಿದರು. ಆ ಚಕ್ರವರ್ತಿಯ ಆಳ್ವಿಕೆಯ ಅವಧಿಯೇ 1912ರವರೆಗಿನ ಮೇಜಿ ಯುಗ.

ಹೊಸ ಆಳರಸರು ಪ್ರಾಚೀನ ಚೀನಾದ ರಾಜನೀತಿಯಿಂದ ಎರವಲು ಪಡೆದ ಒಂದು ಘೋಷಣೆಯನ್ನು ಮುಂದಿಟ್ಟರು: ಫುಕೊಕು ಕ್ಯೋಹೇಯಿ, ಅಂದರೆ ಸಿರಿವಂತ ನಾಡು, ಬಲವಂತ ಸೇನೆ. ಘೋಷಣೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆಯಾದರೂ, ಬೊಕ್ಕಸ ಬರಿದಾಗಿದ್ದ ಸರ್ಕಾರಕ್ಕೆ ಎರಡನ್ನೂ ಒಟ್ಟಿಗೆ ಸಾಧಿಸುವುದು ಸಾಧ್ಯವಿರಲಿಲ್ಲ. ಯಾವುದು ಮೊದಲು, ಅದಕ್ಕೆ ಹಣ ಕೊಡುವವರು ಯಾರು ಎಂಬ ಪ್ರಶ್ನೆಗಳೇ ಮುಂದಿನ ನಲವತ್ತು ವರ್ಷಗಳ ಜಪಾನಿನ ಇತಿಹಾಸವನ್ನು ನಡೆಸಿದವು. ರೈಲು, ತಂತಿ, ಇಟ್ಟಿಗೆ ಕಟ್ಟಡಗಳು, ಪಾಶ್ಚಾತ್ಯ ಉಡುಪು ಇವುಗಳ ಚಿತ್ರಗಳಿಂದ ತುಂಬಿದ ಜನಪ್ರಿಯ ಕಥನಗಳಲ್ಲಿ ಈ ಎರಡನೆಯ ಪ್ರಶ್ನೆ ಸಾಮಾನ್ಯವಾಗಿ ಮರೆಯಾಗಿಬಿಡುತ್ತದೆ.

1871ರ ಆಗಸ್ಟ್‌ನಲ್ಲಿ ಎಲ್ಲ ಸಂಸ್ಥಾನಗಳನ್ನೂ ಒಂದೇ ರಾಜಾಜ್ಞೆಯಿಂದ ರದ್ದುಪಡಿಸಿ, ಕೇಂದ್ರದಿಂದ ನೇಮಕಗೊಂಡ ಅಧಿಕಾರಿಗಳ ಕೈಕೆಳಗಿನ ಜಿಲ್ಲೆಗಳನ್ನಾಗಿ ಮಾಡಲಾಯಿತು. ಸಾಮಂತರು ಪ್ರತಿಭಟಿಸದೆ ಒಪ್ಪಿದ್ದಕ್ಕೆ ದೇಶಭಕ್ತಿಗಿಂತ ಲೆಕ್ಕಾಚಾರವೇ ದೊಡ್ಡ ಕಾರಣ: ಸರ್ಕಾರ ಅವರ ಸಾಲಗಳನ್ನು ತನ್ನ ಮೇಲೆ ಹೊತ್ತುಕೊಂಡು, ಅವರಿಗೆ ಉದಾರವಾದ ವರ್ಷಾಶನವನ್ನು ಗೊತ್ತುಮಾಡಿತ್ತು. ಅದೇ ವರ್ಷ ಯೆನ್ ಎಂಬ ದಶಮಾಂಶ ಪದ್ಧತಿಯ ನಾಣ್ಯ ಜಾರಿಗೆ ಬಂತು. ಡಿಸೆಂಬರಿನಲ್ಲಿ, ಇವಾಕುರಾ ತೊಮೊಮಿಯ ನಾಯಕತ್ವದಲ್ಲಿ ಸರ್ಕಾರದ ಹಿರಿಯರಲ್ಲಿ ಅರ್ಧದಷ್ಟು ಜನ ಅಮೆರಿಕ ಮತ್ತು ಯುರೋಪಿನ ಪ್ರವಾಸಕ್ಕೆ ಹೊರಟು 1873ರವರೆಗೆ ಹಿಂತಿರುಗಲಿಲ್ಲ. ಹೊಸದಾಗಿ ಅಧಿಕಾರ ಹಿಡಿದವರು ಊರಿನ ಬೀಗದ ಕೈಯನ್ನು ಎದುರಾಳಿಗಳಿಗೆ ಕೊಟ್ಟು ಹೀಗೆ ಲೋಕಸಂಚಾರ ಹೊರಟ ಇನ್ನೊಂದು ನಿದರ್ಶನ ಇತಿಹಾಸದಲ್ಲಿ ಸಿಗುವುದು ಕಷ್ಟ. ತಂಡದ ಲೇಖಕನಾಗಿದ್ದ ಕುಮೆ ಕುನಿತಾಕೆ ಬರೆದ ಐದು ಸಂಪುಟಗಳ ವರದಿಯ ಅತ್ಯಂತ ಮುಖ್ಯವಾದ ಅರಿವು, ಯುರೋಪಿನ ಈ ಸಿರಿ ಅನಾದಿಯದಲ್ಲ, ಹೆಚ್ಚೆಂದರೆ ಕಳೆದ ನಲವತ್ತು ವರ್ಷಗಳದು ಎಂಬುದು. ನಾಗರಿಕತೆಗಳ ನಡುವಿನ ಅಂತರವೆಂದು ಕಂಡದ್ದು ಒಂದು ತಲೆಮಾರಿನ ದುಡಿಮೆಯ ಅಂತರವೆಂದು ಅಳೆಯಲ್ಪಟ್ಟ ಕೂಡಲೇ ಅದನ್ನು ದಾಟುವುದು ಯೋಜನೆಯ ವಿಷಯವಾಯಿತು.

ಈ ಪ್ರವಾಸಿಗಳು ಮರಳಿದಾಗ, ಹಿಂದೆ ಉಳಿದಿದ್ದ ಸೈಗೋ ತಕಾಮೊರಿ ಮತ್ತವನ ಸಂಗಡಿಗರು ಕೊರಿಯಾದ ಮೇಲೆ ದಂಡೆತ್ತಿ ಹೋಗುವ ನಿರ್ಧಾರಕ್ಕೆ ಬಂದಿದ್ದರು. ಪ್ರವಾಸಿಗಳಲ್ಲೊಬ್ಬನಾದ ಒಕುಬೊ ತೊಶಿಮಿಚಿ ಅದನ್ನು ವಿರೋಧಿಸಿದ್ದು ಶಾಂತಿಪ್ರಿಯತೆಯಿಂದಲ್ಲ. ಬೊಕ್ಕಸ ಖಾಲಿಯಿದೆ, ಆಮದು ರಫ್ತನ್ನು ಮೀರಿದೆ, ಬ್ರಿಟನ್ನಿನ ಸಾಲವಿದೆ, ಯುದ್ಧವಾದರೆ ಬಂದೂಕು ಮದ್ದುಗುಂಡುಗಳಿಗೆ ಮತ್ತೆ ಅವರ ಬಳಿಗೇ ಹೋಗಬೇಕು ಎಂಬುದು ಅವನ ವಾದದ ಸಾರ. ಒಕುಬೊ ಗೆದ್ದನು, ಸೈಗೋ ರಾಜೀನಾಮೆ ಕೊಟ್ಟು ಸತ್ಸುಮಾಕ್ಕೆ ಹಿಂತಿರುಗಿದನು. ಮರುವರ್ಷವೇ ತೈವಾನಿಗೆ ಒಂದು ಸಣ್ಣ ದಂಡಯಾತ್ರೆ ಕಳುಹಿಸಲಾಯಿತೆಂಬುದನ್ನು ನೆನೆದರೆ, ಸಿರಿ ಮೊದಲು ಎಂಬ ನಿಲುವು ಎಷ್ಟು ತೆಳುವಾಗಿತ್ತೆಂಬುದು ಗೊತ್ತಾಗುತ್ತದೆ. ಆದರೂ ಮುಂದಿನ ಇಪ್ಪತ್ತು ವರ್ಷ ಜಪಾನ್ ದೊಡ್ಡ ಹೊರಯುದ್ಧಕ್ಕೆ ಇಳಿಯಲಿಲ್ಲ, ಮತ್ತು ಆ ಇಪ್ಪತ್ತು ವರ್ಷಗಳಲ್ಲಿಯೇ ಅದರ ಸಂಪತ್ತಿನ ತಳಪಾಯ ಬಿದ್ದಿತು.

ಆ ತಳಪಾಯದ ಮೊದಲ ಕಲ್ಲು 1873ರ ಭೂಕಂದಾಯ ಸುಧಾರಣೆ. ಹಿಂದಿನ ಪದ್ಧತಿಯಲ್ಲಿ ಇಡೀ ಗ್ರಾಮ ಒಟ್ಟಾಗಿ ತನ್ನ ಬೆಳೆಯ ಒಂದು ದೊಡ್ಡ ಪಾಲನ್ನು, ಹಲವೆಡೆ ಹತ್ತಿರ ಹತ್ತಿರ ಅರ್ಧದಷ್ಟನ್ನು, ಧಾನ್ಯದ ರೂಪದಲ್ಲಿ ಸಾಮಂತನಿಗೆ ಒಪ್ಪಿಸುತ್ತಿತ್ತು. ಬರ ಬಂದರೆ ಬೇಡಿಕೊಂಡು ಕಡಿಮೆ ಮಾಡಿಸಿಕೊಳ್ಳುವ ಅವಕಾಶವಿತ್ತು. ಹೊಸ ಕಾಯಿದೆ ಪ್ರತಿಯೊಂದು ಹೊಲವನ್ನೂ ಅಳೆದು, ಅದರ ಒಡೆಯನಿಗೆ ಹಕ್ಕುಪತ್ರ ಕೊಟ್ಟು, ಭೂಮಿಗೊಂದು ಬೆಲೆ ಕಟ್ಟಿ, ಆ ಬೆಲೆಯ ಶೇಕಡಾ 3ರಷ್ಟನ್ನು ಪ್ರತಿವರ್ಷ ನಗದಿನಲ್ಲಿ ಕಟ್ಟಬೇಕೆಂದು ವಿಧಿಸಿತು. ಒಡೆತನ ವ್ಯಕ್ತಿಯದಾಯಿತು, ತೆರಿಗೆ ವ್ಯಕ್ತಿಯದಾಯಿತು, ಬೆಳೆ ಏರಲಿ ಇಳಿಯಲಿ ಸರ್ಕಾರದ ಆದಾಯ ಮಾತ್ರ ಸ್ಥಿರವಾಯಿತು. ಆದಾಯ ಸ್ಥಿರವಾದದ್ದರಿಂದ ಮುಂಗಡಪತ್ರ ಹಾಕಿಕೊಂಡು ಹಲವು ವರ್ಷಗಳ ಖರ್ಚನ್ನು ಯೋಚಿಸುವುದು ಸಾಧ್ಯವಾಯಿತು. 1870ರ ದಶಕದಲ್ಲಿ ಕೇಂದ್ರ ಸರ್ಕಾರದ ತೆರಿಗೆ ವರಮಾನದಲ್ಲಿ ಶೇಕಡಾ 80ಕ್ಕೂ ಹೆಚ್ಚು ಈ ಒಂದು ಬಾಬಿನಿಂದಲೇ ಬರುತ್ತಿತ್ತು. ಭತ್ತದ ರೈತ ಸುಮ್ಮನಿರಲಿಲ್ಲ. 1876ರಲ್ಲಿ ಮಿಯೆ ಮತ್ತು ಇಬರಾಕಿ ಜಿಲ್ಲೆಗಳಲ್ಲಿ ದೊಡ್ಡ ದಂಗೆಗಳಾದವು, ಮರುವರ್ಷ ಸರ್ಕಾರ ದರವನ್ನು ಶೇಕಡಾ 2.5ಕ್ಕೆ ಇಳಿಸಿತು.

ನಗದು ಕಂದಾಯವೊಂದೇ ಯಾವ ನಾಡನ್ನೂ ಸಿರಿವಂತವನ್ನಾಗಿ ಮಾಡುವುದಿಲ್ಲ ಎಂಬುದಕ್ಕೆ ಕನ್ನಡ ನಾಡಿನ ಅನುಭವವೇ ಸಾಕ್ಷಿ. ಅದೇ ಕಾಲದಲ್ಲಿ ಧಾರವಾಡ, ಬಳ್ಳಾರಿ, ಕೆನರಾ ಸೀಮೆಗಳ ರೈತರೂ ರೈತವಾರಿ ಪದ್ಧತಿಯ ಪ್ರಕಾರ ಅಳತೆಯಾದ ಹೊಲಗಳಿಗೆ ನಗದಿನಲ್ಲಿಯೇ ಕಂದಾಯ ಕಟ್ಟುತ್ತಿದ್ದರು. ಆದರೆ ಆ ಹಣ ಎಲ್ಲಿ ಖರ್ಚಾಗಬೇಕು, ಯಾವ ವಸ್ತುವಿಗೆ ಉತ್ತೇಜನ ಕೊಡಬೇಕು ಎಂಬುದನ್ನು ನಿರ್ಧರಿಸುವವರು ಬೇರೆ ದೇಶದವರಾಗಿದ್ದರು. ಜಪಾನಿನ ರೈತನ ಮೇಲೆ ಬಿದ್ದ ಭಾರ ಇಲ್ಲಿಯ ರೈತನದ್ದಕ್ಕಿಂತ ಹಗುರವಾಗಿರಲಿಲ್ಲ. ವ್ಯತ್ಯಾಸವಿದ್ದುದು ಹಣ ಹೋಗಿ ಸೇರುತ್ತಿದ್ದ ಜಾಗದಲ್ಲಿ.

ಎರಡನೆಯ ಕಲ್ಲು ಸಮುರಾಯ್‌ಗಳ ಸಂಬಳವನ್ನು ನಿಲ್ಲಿಸಿದ್ದು. ಕುಟುಂಬಗಳೂ ಸೇರಿ ಜನಸಂಖ್ಯೆಯ ಶೇಕಡಾ 5 ಅಥವಾ 6ರಷ್ಟಿದ್ದ ಈ ವರ್ಗದ ವಂಶಪಾರಂಪರ್ಯ ವೇತನ ಸರ್ಕಾರದ ಖರ್ಚಿನ ಮೂರನೆಯ ಒಂದು ಭಾಗದಷ್ಟನ್ನು ನುಂಗುತ್ತಿತ್ತು. 1876ರಲ್ಲಿ ಅದನ್ನು ಕಡ್ಡಾಯವಾಗಿ ಬಡ್ಡಿಪತ್ರಗಳಾಗಿ ಪರಿವರ್ತಿಸಿ, ಒಟ್ಟು ಸುಮಾರು 17 ಕೋಟಿ 40 ಲಕ್ಷ ಯೆನ್ ಮೌಲ್ಯದ ಪತ್ರಗಳನ್ನು ಹಂಚಲಾಯಿತು. ಅದೇ ವರ್ಷ ಸೊಂಟಕ್ಕೆ ಕತ್ತಿ ಕಟ್ಟುವ ಹಕ್ಕೂ ಹೋಯಿತು. ಈ ಪತ್ರಗಳನ್ನು ಬಂಡವಾಳವಾಗಿಟ್ಟು ಬ್ಯಾಂಕ್ ತೆರೆಯಬಹುದೆಂದು ಕಾನೂನು ಬದಲಾದ ಮೇಲೆ, 1879ರ ಹೊತ್ತಿಗೆ ದೇಶದಲ್ಲಿ 153 ರಾಷ್ಟ್ರೀಯ ಬ್ಯಾಂಕುಗಳು ಹುಟ್ಟಿಕೊಂಡವು. ಪತ್ರವನ್ನು ಮಾರಿಕೊಂಡು ವ್ಯಾಪಾರಕ್ಕಿಳಿದು ಕೈಸುಟ್ಟುಕೊಂಡ ಬಡ ಸಮುರಾಯ್‌ಗಳೇ ಹೆಚ್ಚು. 1877ರಲ್ಲಿ ಸೈಗೋನ ನೇತೃತ್ವದಲ್ಲಿ ಸತ್ಸುಮಾದ ಯೋಧರು ಬಂಡೆದ್ದರು. ಅವರನ್ನು ಅಡಗಿಸಿದ್ದು 1873ರ ಕಡ್ಡಾಯ ಸೈನಿಕ ಸೇವೆಯ ಕಾಯಿದೆಯಡಿ ಸೇರಿಸಿಕೊಂಡಿದ್ದ ರೈತರ ಮಕ್ಕಳು. ಈ ಅಂತರ್ಯುದ್ಧಕ್ಕೆ ತಗುಲಿದ ಸುಮಾರು 4 ಕೋಟಿ 20 ಲಕ್ಷ ಯೆನ್ ವೆಚ್ಚವನ್ನು ಸರ್ಕಾರ ಬಹುಪಾಲು ನೋಟು ಅಚ್ಚುಹಾಕಿ ಭರಿಸಿತು. ಅದರ ಫಲವನ್ನು ಮುಂದೆ ಎಲ್ಲರೂ ಉಂಡರು.

ಶಿಕ್ಷಣದ ಕಥೆಯಲ್ಲಿ ಆಜ್ಞೆಗೂ ಆಚರಣೆಗೂ ನಡುವಿನ ಅಂತರ ಕಣ್ಣಿಗೆ ಹೊಡೆಯುವಂತಿದೆ. 1872ರ ಶಿಕ್ಷಣ ಶಾಸನ ದೇಶದಾದ್ಯಂತ 53,760 ಪ್ರಾಥಮಿಕ ಶಾಲೆಗಳನ್ನು ತೆರೆಯುವುದಾಗಿ ಸಾರಿತು. ಆದರೆ ಅವುಗಳ ಖರ್ಚನ್ನು ಹೊರಬೇಕಾದವರು ಊರವರು ಮತ್ತು ಶುಲ್ಕ ಕಟ್ಟುವ ಪೋಷಕರು. ಹೊಲದ ಕೆಲಸಕ್ಕೆ ಬೇಕಾದ ಮಕ್ಕಳನ್ನು ದುಡ್ಡು ಕೊಟ್ಟು ಶಾಲೆಗೆ ಕಳುಹಿಸಲು ಒಪ್ಪದ ಹಳ್ಳಿಗರು ಹಲವೆಡೆ ಶಾಲೆಗಳನ್ನೇ ಸುಟ್ಟರು. 1873ರಲ್ಲಿ ಶಾಲೆಗೆ ಹೆಸರು ಹಚ್ಚಿದ ಮಕ್ಕಳು ಶೇಕಡಾ 28 ಮಾತ್ರ, ಹುಡುಗಿಯರಲ್ಲಿ ಅದರ ಅರ್ಧದಷ್ಟು. ಸಂಖ್ಯೆ ನಿಜವಾಗಿ ಏರಿದ್ದು 1890ರ ದಶಕದಲ್ಲಿ, ಮತ್ತು 1900ರಲ್ಲಿ ಶುಲ್ಕ ರದ್ದಾದ ಮೇಲೆ ಕೆಲವೇ ವರ್ಷಗಳಲ್ಲಿ ಅದು ಶೇಕಡಾ 90ನ್ನು ದಾಟಿತು. ಅಂದರೆ ಕಾರ್ಖಾನೆಗಳ ಮೊದಲ ಅಲೆ ಎದ್ದದ್ದು ಹೊಸ ಶಾಲೆಗಳಿಂದಲ್ಲ, ತೊಕುಗಾವಾ ಕಾಲದ ಊರಶಾಲೆಗಳು ಬಿಟ್ಟುಹೋಗಿದ್ದ ಅಕ್ಷರದ ಬಂಡವಾಳದಿಂದ. ಮೇಲ್ಮಟ್ಟದ ತಾಂತ್ರಿಕ ಶಿಕ್ಷಣದಲ್ಲಿ ಮಾತ್ರ ಸರ್ಕಾರ ಕೂಡಲೇ ಫಲ ಕಂಡಿತು. ಸ್ಕಾಟ್ಲೆಂಡಿನ ಹೆನ್ರಿ ಡೈಯರ್ 1873ರಲ್ಲಿ ಬಂದು ಟೋಕಿಯೋದಲ್ಲಿ ಕಟ್ಟಿದ ಎಂಜಿನಿಯರಿಂಗ್ ಕಾಲೇಜಿನ ಪದವೀಧರರು, ಮಂತ್ರಿಗಳಿಗಿಂತ ಹೆಚ್ಚು ಸಂಬಳ ಪಡೆಯುತ್ತಿದ್ದ ವಿದೇಶಿ ತಜ್ಞರ ಜಾಗವನ್ನು ಹತ್ತೇ ವರ್ಷಗಳಲ್ಲಿ ತುಂಬತೊಡಗಿದರು. ಬಿವಾ ಸರೋವರದಿಂದ ಕ್ಯೋಟೋ ನಗರಕ್ಕೆ ಸುರಂಗ ಕೊರೆದು ಕಾಲುವೆ ತಂದ ತನಾಬೆ ಸಕುರೊ ಆ ಕಾಲೇಜಿನವನೇ. 1890ರಲ್ಲಿ ಮುಗಿದ ಆ ಕೆಲಸವನ್ನು ಅವನು ಕೈಗೆತ್ತಿಕೊಂಡಾಗ ಇಪ್ಪತ್ತರ ಆಸುಪಾಸಿನವನಾಗಿದ್ದನು, ಮೇಲ್ವಿಚಾರಣೆಗೆ ಒಬ್ಬ ವಿದೇಶಿಯನೂ ಇರಲಿಲ್ಲ.

ಆದರೆ ವಿದೇಶಿ ವಿನಿಮಯ ಬಂದದ್ದು ಎಲ್ಲಿಂದ? ಯಂತ್ರ, ಹಡಗು, ಉಕ್ಕು, ತಜ್ಞರ ಸಂಬಳ ಎಲ್ಲಕ್ಕೂ ಬೆಳ್ಳಿ ಬಂಗಾರ ಬೇಕು, ಸುಂಕ ಏರಿಸುವಂತಿಲ್ಲ, ವಿದೇಶಿ ಸಾಲಕ್ಕೆ ಕೈಯೊಡ್ಡಿದರೆ, ಸಾಲಕೊಟ್ಟವರ ಹಿಡಿತಕ್ಕೆ ಸಿಕ್ಕ ಈಜಿಪ್ಟಿನ ಗತಿ ಬಂದೀತೆಂಬ ಹೆದರಿಕೆ. ಉತ್ತರ ರೇಷ್ಮೆ ಗೂಡಿನಲ್ಲಿತ್ತು. 1850 ಮತ್ತು 60ರ ದಶಕಗಳಲ್ಲಿ ಪೆಬ್ರಿನ್ ರೋಗ ಫ್ರಾನ್ಸ್ ಮತ್ತು ಇಟಲಿಯ ರೇಷ್ಮೆಹುಳುಗಳನ್ನು ಬಹುಮಟ್ಟಿಗೆ ನಾಶಮಾಡಿದ್ದರಿಂದ, ಬಂದರು ತೆರೆದ ಕೂಡಲೇ ಜಪಾನಿನ ಕಚ್ಚಾ ರೇಷ್ಮೆಗೂ ಮೊಟ್ಟೆಗಳಿಗೂ ಬೇಡಿಕೆ ಉಕ್ಕಿತು. ಹಿಪ್ಪುನೇರಳೆ ಬೆಟ್ಟದ ಇಳಿಜಾರಿನಲ್ಲಿಯೂ ಬೆಳೆಯುತ್ತದೆ, ಭತ್ತದ ಗದ್ದೆಯನ್ನು ಕಬಳಿಸುವುದಿಲ್ಲ. ಹುಳು ಸಾಕಣೆ ಮನೆಯ ಹೆಂಗಸರ ಕೈಯಲ್ಲಿಯೇ ನಡೆಯುತ್ತದೆ. ಈ ಅನುಕೂಲಗಳನ್ನು ಕೋಲಾರ, ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತೊಡಕಿದ್ದುದು ನೂಲು ಬಿಚ್ಚಾಣಿಕೆಯಲ್ಲಿ: ಕೈರಾಟೆಯಲ್ಲಿ ಬಿಚ್ಚಿದ ಎಳೆ ಒಂದೆಡೆ ದಪ್ಪ, ಒಂದೆಡೆ ಸಣ್ಣಗಿದ್ದು, ಯುರೋಪ್ ಅಮೆರಿಕಗಳ ಯಂತ್ರಮಗ್ಗದಲ್ಲಿ ಕಡಿದುಹೋಗುತ್ತಿತ್ತು.

ಇದನ್ನು ಸರಿಪಡಿಸಲು ಸರ್ಕಾರ 1872ರಲ್ಲಿ ಗುನ್ಮಾ ಸೀಮೆಯ ತೊಮಿಯೊಕಾದಲ್ಲಿ, ಫ್ರಾನ್ಸಿನ ಪಾಲ್ ಬ್ರೂನಾ ಎಂಬ ತಜ್ಞನ ಮೇಲ್ವಿಚಾರಣೆಯಲ್ಲಿ, 300 ಬೇಸಿನ್‌ಗಳ ಒಂದು ಮಾದರಿ ಫಿಲೇಚರ್, ಅಂದರೆ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ, ಕಟ್ಟಿತು. ಇಟ್ಟಿಗೆಯ ಗೋಡೆ, ಗಾಜಿನ ಕಿಟಕಿ, ಉಗಿಯಂತ್ರ, ತಾಮ್ರದ ಬೇಸಿನ್ ಎಲ್ಲವೂ ಸಿದ್ಧವಾದ ಮೇಲೆ ಕೆಲಸಕ್ಕೆ ಹುಡುಗಿಯರೇ ಬರಲಿಲ್ಲ. ಫ್ರೆಂಚರು ಕೆಂಪು ದ್ರಾಕ್ಷಾರಸ ಕುಡಿಯುವುದನ್ನು ಕಂಡವರು ಅವರು ಹೆಣ್ಣುಮಕ್ಕಳ ರಕ್ತ ಕುಡಿಯುತ್ತಾರೆಂದು ಸುದ್ದಿ ಹಬ್ಬಿಸಿದ್ದರು. ಕಡ್ಡಾಯ ಸೈನಿಕ ಸೇವೆಯ ಪ್ರಕಟಣೆ ಹೊರಟಾಗಲೂ ಸರ್ಕಾರ ಯುವಕರ ರಕ್ತ ಹಿಂಡುತ್ತದೆಂಬ ಇಂಥದೇ ಗುಲ್ಲೆದ್ದು ದಂಗೆಗಳಾಗಿದ್ದವು. ಸುದ್ದಿ ಸುಳ್ಳಾದರೂ, ಈ ಹೊಸ ರಾಜ್ಯಕ್ಕೆ ತಮ್ಮ ಮಕ್ಕಳ ಮೈಯಿಂದ ಏನೋ ಬೇಕಾಗಿದೆ ಎಂಬ ಹಳ್ಳಿಗರ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಕಡೆಗೆ ಫಿಲೇಚರಿನ ಮುಖ್ಯಸ್ಥ ಒದಾಕಾ ಅತ್ಸುತಾದಾ ತನ್ನ ಮಗಳು ಯೂಳನ್ನೇ ಮೊದಲ ಕೆಲಸಗಾರ್ತಿಯನ್ನಾಗಿ ಸೇರಿಸಿದನು. ಬಳಿಕ ಸಮುರಾಯ್ ಮನೆಗಳ ಹೆಣ್ಣುಮಕ್ಕಳು ದೇಶಸೇವೆಯೆಂಬ ಹೆಮ್ಮೆಯಿಂದ ಬಂದರು. ಮತ್ಸುಶಿರೊದಿಂದ ಬಂದ ವಾದಾ ಏಯಿ ಎಂಬಾಕೆ ಅಲ್ಲಿಯ ದಿನಗಳನ್ನು ಕುರಿತು ಮುಂದೆ ಬರೆದ ನೆನಪುಗಳು ಈಗಲೂ ಆ ಕಾಲದ ಮುಖ್ಯ ದಾಖಲೆ.

ತೊಮಿಯೊಕಾದ ನೂಲು ಚೆನ್ನಾಗಿತ್ತು, ಲೆಕ್ಕಪತ್ರ ಚೆನ್ನಾಗಿರಲಿಲ್ಲ. ವರ್ಷಗಟ್ಟಲೆ ನಷ್ಟ ಅನುಭವಿಸಿದ ಅದನ್ನು 1893ರಲ್ಲಿ ಮಿತ್ಸುಯಿ ಸಂಸ್ಥೆಗೆ ಮಾರಲಾಯಿತು. ಜಪಾನಿನ ರೇಷ್ಮೆಯ ನಿಜವಾದ ಬೆಳವಣಿಗೆ ನಡೆದದ್ದು ನಾಗಾನೊ ಸೀಮೆಯ ಸುವಾ ಸರೋವರದ ದಂಡೆಯಲ್ಲಿ, ಸರ್ಕಾರದ ಕಣ್ಣಿನಿಂದ ದೂರದಲ್ಲಿ. 1870ರ ದಶಕದ ನಡುವಿನಿಂದ ಅಲ್ಲಿಯ ಸಣ್ಣ ಉದ್ಯಮಿಗಳು ಫ್ರೆಂಚ್ ಮತ್ತು ಇಟಾಲಿಯನ್ ವಿಧಾನಗಳಿಂದ ತಮಗೆ ಬೇಕಾದ್ದನ್ನಷ್ಟೇ ಹೆಕ್ಕಿಕೊಂಡು, ಕಬ್ಬಿಣದ ಚೌಕಟ್ಟಿನ ಬದಲು ಮರ, ತಾಮ್ರದ ಬೇಸಿನ್ನಿನ ಬದಲು ಊರ ಕುಂಬಾರನ ಪಾತ್ರೆ, ಉಗಿಯಂತ್ರದ ಬದಲು ನೀರಿನ ಗಾಲಿ ಬಳಸಿ, ತೊಮಿಯೊಕಾದ ವೆಚ್ಚದ ಅತಿ ಸಣ್ಣ ಭಾಗದಲ್ಲಿ ಫಿಲೇಚರ್‌ಗಳನ್ನು ಕಟ್ಟಿದರು. ಎಳೆ ಯುರೋಪಿನ ಅತ್ಯುತ್ತಮ ನೂಲಿಗೆ ಸಮನಾಗಿರಲಿಲ್ಲ, ಆದರೆ ಏಕರೂಪವಾಗಿತ್ತು, ಅಗ್ಗವಾಗಿತ್ತು. ನ್ಯೂಜೆರ್ಸಿಯ ಪ್ಯಾಟರ್ಸನ್ ನಗರದ ಯಂತ್ರಮಗ್ಗಗಳಿಗೆ ಬೇಕಾಗಿದ್ದದ್ದೂ ಅದೇ. 1880ರಲ್ಲಿ ಸ್ಥಾಪನೆಯಾದ ಯೊಕೊಹಾಮಾ ಸ್ಪೀಸಿ ಬ್ಯಾಂಕ್ ರಫ್ತುದಾರರಿಗೆ ಇಲ್ಲಿ ಕಾಗದದ ಯೆನ್ ಮುಂಗಡ ಕೊಟ್ಟು, ಅಲ್ಲಿ ಮಾಲು ಮಾರಾಟವಾದಾಗ ಬಂದ ವಿದೇಶಿ ಹಣವನ್ನು ಸರ್ಕಾರಕ್ಕೆ ಸೇರಿಸುತ್ತಿತ್ತು. 1896ರಲ್ಲಿ ಯೊಕೊಹಾಮಾದಲ್ಲಿ ರೇಷ್ಮೆ ಪರೀಕ್ಷಾಲಯ ತೆರೆದು ತೂಕ, ತೇವಾಂಶ, ಗುಣಮಟ್ಟಗಳಿಗೆ ಸರ್ಕಾರದ ಮೊಹರು ಸಿಗುವಂತಾಯಿತು. 1909ರಲ್ಲಿ ಜಪಾನ್ ಚೀನಾವನ್ನು ಹಿಂದೆ ಹಾಕಿ ಜಗತ್ತಿನ ಅತಿದೊಡ್ಡ ಕಚ್ಚಾ ರೇಷ್ಮೆ ರಫ್ತುದಾರನಾಯಿತು. ಸರ್ಕಾರ ಕಾರ್ಖಾನೆಯ ಒಡೆಯನಾಗಿ ಸೋತು, ಬ್ಯಾಂಕು ಮತ್ತು ಪರೀಕ್ಷಾಲಯಗಳ ಮೂಲಕ ಗೆದ್ದಿತೆನ್ನುವುದು ಈ ಉದ್ಯಮದ ಮಟ್ಟಿಗೆ ಅತಿಶಯೋಕ್ತಿಯಲ್ಲ.

ಗೆಲುವಿನ ಬೆಲೆ ತೆತ್ತವರು ಬೇರೆ. ಸುವಾದ ಫಿಲೇಚರ್‌ಗಳಿಗೆ ಹಿದಾ ಮುಂತಾದ ಬೆಟ್ಟಸೀಮೆಗಳ ಬಡ ರೈತರ ಹೆಣ್ಣುಮಕ್ಕಳು, ಹಲವರು ಹದಿಮೂರು ಹದಿನಾಲ್ಕರ ವಯಸ್ಸಿನವರು, ನೊಮುಗಿ ಕಣಿವೆಯ ಹಿಮದ ದಾರಿಯಲ್ಲಿ ನಡೆದು ಬರುತ್ತಿದ್ದರು. ಕರಾರಿಗೆ ಸಹಿ ಹಾಕಿ ಮುಂಗಡ ಪಡೆಯುತ್ತಿದ್ದವನು ತಂದೆ. ವರ್ಷದ ಕೊನೆಯಲ್ಲಿ ಲೆಕ್ಕ ಚುಕ್ತಾ ಆಗುತ್ತಿದ್ದದ್ದೂ ಅವನೊಡನೆಯೇ. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆಗಳ ಕೆಲಸ. ಕೂಲಿಯ ಒಟ್ಟು ಮೊತ್ತವನ್ನು ಮೊದಲೇ ನಿಗದಿಮಾಡಿ, ಪ್ರತಿಯೊಬ್ಬಳ ನೂಲಿನ ಪ್ರಮಾಣ ಮತ್ತು ಗುಣವನ್ನು ಇಡೀ ಫಿಲೇಚರಿನ ಸರಾಸರಿಗೆ ಹೋಲಿಸಿ ಹಂಚುವ ದರ್ಜೆ ಪದ್ಧತಿ ಜಾರಿಯಲ್ಲಿದ್ದುದರಿಂದ, ಒಬ್ಬಳಿಗೆ ಹೆಚ್ಚು ಸಿಕ್ಕರೆ ಇನ್ನೊಬ್ಬಳಿಗೆ ಅಷ್ಟೇ ಕಡಿಮೆಯಾಗುತ್ತಿತ್ತು; ಎಲ್ಲರೂ ಸೇರಿ ಎಷ್ಟು ಚುರುಕಾದರೂ ಮಾಲೀಕನ ಕೂಲಿ ವೆಚ್ಚ ಏರುತ್ತಿರಲಿಲ್ಲ. ಹುಡುಗಿಯರು ಹೆಚ್ಚು ಕೂಲಿ ಕೊಡುವ ಫಿಲೇಚರಿಗೆ ಹೋಗದಂತೆ ಮಾಲೀಕರು 1900ರ ಸುಮಾರಿಗೆ ಒಕ್ಕೂಟ ಕಟ್ಟಿಕೊಂಡು ಪರಸ್ಪರ ಹೆಸರು ನೋಂದಾಯಿಸಿಟ್ಟರು. ಇದನ್ನು ಕೇವಲ ಶೋಷಣೆಯ ಕಥೆಯೆಂದು ಮುಗಿಸಿಬಿಡುವುದೂ ಸರಿಯಲ್ಲ, ಏಕೆಂದರೆ ನುರಿತವಳೊಬ್ಬಳು ಮನೆಗೆ ತರುತ್ತಿದ್ದ ಹಣ ಅವಳ ತಂದೆಯ ಹೊಲದ ಆದಾಯವನ್ನು ಮೀರುವುದಿತ್ತು, ಆ ಹಣದಿಂದ ಕಂದಾಯ ಕಟ್ಟಿ ಹೊಲ ಉಳಿಸಿಕೊಂಡ ಮನೆಗಳಿದ್ದವು. ಆದರೆ ಕ್ಷಯ ಹತ್ತಿಸಿಕೊಂಡು ಊರಿಗೆ ಹಿಂತಿರುಗಿದವರೂ ಅವರೇ.

1881ರಲ್ಲಿ ಹಣಕಾಸು ಸಚಿವನಾದ ಮತ್ಸುಕಾತಾ ಮಾಸಾಯೊಶಿ ಕೈಗೊಂಡ ಕ್ರಮಗಳು ಈ ಎಲ್ಲ ಎಳೆಗಳನ್ನೂ ಒಂದೇ ಗಂಟಿಗೆ ತಂದವು. ಅಂತರ್ಯುದ್ಧದ ನೋಟುಗಳಿಂದ ಅಕ್ಕಿಯ ಬೆಲೆ ದುಪ್ಪಟ್ಟಾಗಿ, ನಗದಿನಲ್ಲಿ ಸ್ಥಿರ ಕಂದಾಯ ಕಟ್ಟುವ ರೈತ ಕೆಲವು ವರ್ಷ ನೆಮ್ಮದಿಯಾಗಿದ್ದನು. ಸರ್ಕಾರದ ನಿಜ ಆದಾಯ ಕುಸಿದಿತ್ತು. ಮತ್ಸುಕಾತಾ ಖರ್ಚು ಬಿಗಿಹಿಡಿದು, ಪರೋಕ್ಷ ತೆರಿಗೆಗಳನ್ನು ಏರಿಸಿ, ನೋಟುಗಳನ್ನು ಹಿಂತೆಗೆದುಕೊಂಡು, 1882ರಲ್ಲಿ ಬೆಲ್ಜಿಯಂ ಮಾದರಿಯಲ್ಲಿ ಬ್ಯಾಂಕ್ ಆಫ್ ಜಪಾನ್ ಸ್ಥಾಪಿಸಿದನು. 1885ರಿಂದ ಅದರ ನೋಟುಗಳನ್ನು ಬೆಳ್ಳಿಗೆ ಬದಲಾಯಿಸಿಕೊಳ್ಳಬಹುದಾಯಿತು. ಸರ್ಕಾರಿ ಗಣಿ, ಗಿರಣಿ, ಹಡಗುಕಟ್ಟೆಗಳು ಖಾಸಗಿಯವರಿಗೆ ಹೋದವು: ನಾಗಾಸಾಕಿ ಹಡಗುಕಟ್ಟೆ ಮಿತ್ಸುಬಿಶಿಗೆ, ಮಿಯಿಕೆ ಕಲ್ಲಿದ್ದಲ ಗಣಿ ಮಿತ್ಸುಯಿಗೆ. ಇತ್ತ ಅಕ್ಕಿಯ ಬೆಲೆ ಅರ್ಧಕ್ಕೆ ಕುಸಿಯಿತು, ಕಂದಾಯ ಮಾತ್ರ ಹಾಗೆಯೇ ಉಳಿಯಿತು. ಹೊಲ ಕಳೆದುಕೊಂಡು ಗೇಣಿದಾರರಾದವರು ಅಸಂಖ್ಯಾತ. 1884ರ ನವೆಂಬರಿನಲ್ಲಿ ಚಿಚಿಬು ಕಣಿವೆಯ ಸಾಲಗ್ರಸ್ತ ರೇಷ್ಮೆ ರೈತರು ಆಯುಧ ಹಿಡಿದೆದ್ದು ಸೇನೆಯ ಕೈಯಲ್ಲಿ ಸೋತರು. ಸುವಾದ ಫಿಲೇಚರಿಗೆ ಹೆಣ್ಣುಮಕ್ಕಳನ್ನು ತಳ್ಳಿದ ಬಡತನದ ಒಂದು ದೊಡ್ಡ ಪಾಲು ಇಲ್ಲಿಂದಲೇ ಬಂದದ್ದು. ಹಣಕಾಸಿನ ಇತಿಹಾಸಕಾರರು ಮತ್ಸುಕಾತಾನನ್ನು ಹೊಗಳುವಾಗ, ಅದೇ ಪುಟದಲ್ಲಿ ಚಿಚಿಬುವಿನ ಹೆಸರೂ ಬರಬೇಕಾದದ್ದು ನ್ಯಾಯ.

ಹತ್ತಿಯ ಗಿರಣಿಗಳ ವಿಷಯದಲ್ಲಿ ಭಾರತದ ನಂಟು ನೇರವಾದದ್ದು. ಸರ್ಕಾರ ಆಮದು ಮಾಡಿ ಹಂಚಿದ 2,000 ಕದಿರುಗಳ ಸಣ್ಣ ಗಿರಣಿಗಳು ನೀರಿನ ಶಕ್ತಿ ಸಾಲದೆ ಸೋತಿದ್ದವು. 1883ರಲ್ಲಿ ಶಿಬುಸಾವಾ ಏಯಿಚಿ ಎಂಬ ಉದ್ಯಮಿಯ ಮುಂದಾಳತ್ವದಲ್ಲಿ ಕೆಲಸ ಆರಂಭಿಸಿದ ಒಸಾಕಾ ಸ್ಪಿನ್ನಿಂಗ್ ಕಂಪನಿ 10,500 ಕದಿರುಗಳನ್ನು ಉಗಿಯಿಂದ ನಡೆಸಿ, ಹಗಲು ರಾತ್ರಿ ಎರಡು ಪಾಳಿ ಹಾಕಿ ಲಾಭ ಮಾಡಿತು. ಹತ್ತಿ ಬರತೊಡಗಿದ್ದು ಭಾರತದಿಂದ. ಸಾಗಣೆಯ ಏಕಸ್ವಾಮ್ಯ ಪಿ ಅಂಡ್ ಓ ಮುಂತಾದ ಯುರೋಪಿಯನ್ ಹಡಗು ಕಂಪನಿಗಳ ಕೂಟದ ಕೈಯಲ್ಲಿತ್ತು. 1893ರಲ್ಲಿ ಜಪಾನಿಗೆ ಹೋದ ಜಮ್‌ಶೇಟ್‌ಜಿ ಟಾಟಾ ಮತ್ತು ನಿಪ್ಪಾನ್ ಯೂಸೆನ್ ಕೈಶಾ ಹಡಗು ಸಂಸ್ಥೆ ಸೇರಿ ಮುಂಬಯಿ–ಕೋಬೆ ಮಾರ್ಗವನ್ನು ತೆರೆದು ಆ ಕೂಟವನ್ನು ಎದುರಿಸಿದರು. ಟಾಟಾರ ಹಡಗುಗಳು ಬೇಗ ನಿಂತುಹೋದರೂ ಜಪಾನೀ ಹಡಗುಗಳು ಉಳಿದವು, ಸಾಗಣೆ ದರ ಇಳಿಯಿತು. 1897ರ ಹೊತ್ತಿಗೆ ಜಪಾನಿನ ನೂಲಿನ ರಫ್ತು ಆಮದನ್ನು ಮೀರಿತು, ಮುಂದೆ ಚೀನಾದ ಮಾರುಕಟ್ಟೆಯಲ್ಲಿ ಮುಂಬಯಿಯ ಗಿರಣಿಗಳೇ ಹಿಂದೆ ಸರಿಯಬೇಕಾಯಿತು. ರೇಷ್ಮೆಯ ಬಗ್ಗೆಯೂ ಆಸಕ್ತಿ ಬೆಳೆಸಿಕೊಂಡಿದ್ದ ಟಾಟಾ ಜಪಾನೀ ತಜ್ಞರನ್ನು ಬೆಂಗಳೂರಿಗೆ ಕರೆಸಿ ರೇಷ್ಮೆ ಸಾಕಣೆಯ ಕೇಂದ್ರ ನಡೆಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ.

1898ರಲ್ಲಿ ಮುಂಬಯಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಆಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿಬಂದರು. ಮೈಸೂರಿನಲ್ಲಿ 1911ರ ಆರ್ಥಿಕ ಸಮ್ಮೇಳನ, 1913ರ ಮೈಸೂರು ಬ್ಯಾಂಕ್, 1916ರ ವಿಶ್ವವಿದ್ಯಾನಿಲಯ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇವುಗಳ ಹಿಂದಿನ ಚಿಂತನೆಯಲ್ಲಿ ಆ ದೇಶದ ನೆರಳು ಸ್ಪಷ್ಟವಾಗಿದೆ. 1920ರಲ್ಲಿ ಪ್ರಕಟವಾದ ಅವರ ರೀಕನ್ಸ್ಟ್ರಕ್ಟಿಂಗ್ ಇಂಡಿಯಾ ಗ್ರಂಥದಲ್ಲಿಯೂ ಜಪಾನಿನ ಹೋಲಿಕೆ ಮತ್ತೆ ಮತ್ತೆ ಬರುತ್ತದೆ. ಆದರೆ ಮೈಸೂರಿಗೆ ತನ್ನದೇ ನಾಣ್ಯನೀತಿಯಿರಲಿಲ್ಲ, ಸುಂಕನೀತಿಯಿರಲಿಲ್ಲ, ಹೊರದೇಶದೊಡನೆ ಸ್ವತಂತ್ರ ಒಪ್ಪಂದದ ಹಕ್ಕಿರಲಿಲ್ಲ. 1896ರಿಂದ ವರ್ಷಕ್ಕೆ 35 ಲಕ್ಷ ರೂಪಾಯಿ ಬ್ರಿಟಿಷರಿಗೆ ಪೊಗದಿ ಸಲ್ಲುತ್ತಿತ್ತು. ಮತ್ಸುಕಾತಾ ಮಾಡಿದ ಕೆಲಸವನ್ನು, ಅದರ ಒಳಿತು ಕೆಡುಕುಗಳೆರಡರೊಡನೆ, ಮಾಡುವ ಅಧಿಕಾರ ಮೈಸೂರಿನ ಯಾವ ದಿವಾನರಿಗೂ ಇರಲಿಲ್ಲ.

ಅಷ್ಟರಲ್ಲಿ ಜಪಾನಿನಲ್ಲಿ ಘೋಷಣೆಯ ಉತ್ತರಾರ್ಧ ಪೂರ್ವಾರ್ಧವನ್ನು ಹಿಂದಿಕ್ಕತೊಡಗಿತ್ತು. 1894–95ರ ಯುದ್ಧದಲ್ಲಿ ಚೀನಾವನ್ನು ಸೋಲಿಸಿ ತೈವಾನನ್ನೂ ಸುಮಾರು 36 ಕೋಟಿ ಯೆನ್ ಪರಿಹಾರವನ್ನೂ ಅದು ಪಡೆಯಿತು; ಯುದ್ಧಪೂರ್ವದ ವಾರ್ಷಿಕ ಮುಂಗಡಪತ್ರದ ನಾಲ್ಕು ಪಟ್ಟಿಗಿಂತ ದೊಡ್ಡದಾದ ಈ ಮೊತ್ತವೇ 1897ರಲ್ಲಿ ಯೆನ್ ಚಿನ್ನದ ಆಧಾರಕ್ಕೆ ಬದಲಾಗಲು ದಾರಿಯಾಯಿತು. 1901ರಲ್ಲಿ ಕೆಲಸ ಆರಂಭಿಸಿದ ಯವಾತಾ ಉಕ್ಕಿನ ಕಾರ್ಖಾನೆಗೂ ಅದರಲ್ಲೊಂದು ಚೂರು ಸಂದಿತು, ಆದರೆ ಐದರಲ್ಲಿ ನಾಲ್ಕು ಪಾಲು ಹೋದದ್ದು ಭೂಸೇನೆ ನೌಕಾಸೇನೆಗಳಿಗೇ. ಬ್ರಿಟನ್ನಿನ ಹಡಗುಕಟ್ಟೆಗಳಿಂದ ಮಿಕಾಸಾ ಮೊದಲಾದ ಯುದ್ಧನೌಕೆಗಳು ಬಂದವು. 1904–05ರ ರಷ್ಯಾ ಯುದ್ಧಕ್ಕೆ ಸುಮಾರು 170 ಕೋಟಿ ಯೆನ್ ತಗುಲಿತು. ಸರ್ಕಾರದ ಪ್ರತಿನಿಧಿಯಾಗಿ ತಕಾಹಾಶಿ ಕೊರೆಕಿಯೊ ಲಂಡನ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಓಡಾಡಿ ಅದರ ಅರ್ಧಕ್ಕೆ ಹತ್ತಿರದಷ್ಟನ್ನು ಸಾಲವೆತ್ತಿದನು. ತ್ಸುಶಿಮಾ ಜಲಸಂಧಿಯಲ್ಲಿ ರಷ್ಯಾದ ನೌಕಾಪಡೆ ಮುಳುಗಿದ ಸುದ್ದಿ ಏಷ್ಯಾಕ್ಕೆಲ್ಲ ಹುರುಪು ತಂದಿತು. ಆದರೆ ಸಂಧಾನದಲ್ಲಿ ಬಿಡಿಗಾಸಿನ ಪರಿಹಾರವೂ ಸಿಗಲಿಲ್ಲ. 80,000ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡು, ಏರಿಸಿದ ಭೂಕಂದಾಯವನ್ನೂ ಉಪ್ಪಿನ ಮೇಲಿನ ಹೊಸ ಸರ್ಕಾರಿ ಏಕಸ್ವಾಮ್ಯದ ಭಾರವನ್ನೂ ಹೊತ್ತಿದ್ದ ಜನ 1905ರ ಸೆಪ್ಟೆಂಬರಿನಲ್ಲಿ ಟೋಕಿಯೋದ ಹಿಬಿಯಾ ಉದ್ಯಾನದಿಂದ ಹೊರಟು ಪೊಲೀಸ್ ಠಾಣೆಗಳನ್ನು ಸುಟ್ಟರು. 1910ರಲ್ಲಿ ಕೊರಿಯಾ ಜಪಾನಿನ ವಸಾಹತಾಯಿತು. 1911ರಲ್ಲಿ ಸುಂಕದ ಪೂರ್ಣ ಸ್ವಾತಂತ್ರ್ಯ ಮರಳಿ ಬಂತು. ಅದೇ ವರ್ಷ ಅಂಗೀಕಾರವಾದ ಕಾರ್ಖಾನೆ ಕಾಯಿದೆ ಮಾಲೀಕರ ಒತ್ತಡಕ್ಕೆ ಸಿಕ್ಕಿ 1916ರವರೆಗೆ ಜಾರಿಯಾಗಲಿಲ್ಲ, ಗಿರಣಿಗಳಲ್ಲಿ ಹೆಂಗಸರ ರಾತ್ರಿ ಪಾಳಿ 1929ರವರೆಗೆ ನಡೆದೇ ಇತ್ತು.

ಸಾಲದ ಬಡ್ಡಿ ಮತ್ತು ಸೇನೆಯ ಖರ್ಚಿನ ನಡುವೆ ಸಿಕ್ಕಿದ ಈ ರಾಜ್ಯವನ್ನು ಪಾರುಮಾಡಿದ್ದು ಯಾವ ಯೋಜನೆಯೂ ಅಲ್ಲ, ಯುರೋಪಿನ ಮಹಾಯುದ್ಧ. 1914ರಲ್ಲಿ ಸುಮಾರು 110 ಕೋಟಿ ಯೆನ್ ನಿವ್ವಳ ಸಾಲವಿದ್ದ ಜಪಾನ್, ಯುರೋಪಿನ ಸರಕು ಏಷ್ಯಾದ ಮಾರುಕಟ್ಟೆಗಳಿಂದ ಮರೆಯಾದ ಆರೇ ವರ್ಷಗಳಲ್ಲಿ 270 ಕೋಟಿಗೂ ಮಿಕ್ಕಿ ಸಾಲ ಕೊಟ್ಟ ದೇಶವಾಯಿತು. ಬೆಲೆಗಳೂ ಹಾಗೆಯೇ ಏರಿದವು. 1918ರ ಬೇಸಿಗೆಯಲ್ಲಿ ತೊಯಾಮಾ ಕರಾವಳಿಯ ಬೆಸ್ತರ ಹೆಂಗಸರು ಅಕ್ಕಿಯನ್ನು ಹಡಗಿಗೇರಿಸದಂತೆ ತಡೆದದ್ದರಿಂದ ಹೊತ್ತಿಕೊಂಡ ಅಕ್ಕಿ ಗಲಭೆ ಇಡೀ ದೇಶಕ್ಕೆ ಹಬ್ಬಿ, ತೆರಾವುಚಿ ಮಂತ್ರಿಮಂಡಲವನ್ನು ಕೆಡವಿತು. ಗಾಬರಿಗೊಂಡ ಸರ್ಕಾರ ಕೊರಿಯಾ ಮತ್ತು ತೈವಾನಿನಲ್ಲಿ ಅಕ್ಕಿಯ ಉತ್ಪಾದನೆ ಹೆಚ್ಚಿಸಿ ಅಗ್ಗದಲ್ಲಿ ತರಿಸುವ ವ್ಯವಸ್ಥೆ ಮಾಡಿತು. ನಗರದ ಕಾರ್ಮಿಕನಿಗೆ ಅಕ್ಕಿ ಸಿಕ್ಕಿತು, ಕೊರಿಯಾದ ರೈತನ ತಟ್ಟೆಯಲ್ಲಿ ಅಕ್ಕಿಗೆ ಬದಲು ಸಿರಿಧಾನ್ಯ ಬಂತು. ಅರ್ಧ ಶತಮಾನ ಕಂದಾಯ ಕಟ್ಟಿ ಈ ಎಲ್ಲಕ್ಕೂ ಬಂಡವಾಳ ಒದಗಿಸಿದ್ದ ಜಪಾನಿನ ಭತ್ತದ ರೈತ, 1920ರ ದಶಕದಲ್ಲಿ ತನ್ನದೇ ಸಾಮ್ರಾಜ್ಯದ ಅಕ್ಕಿಯೊಡನೆ ಪೈಪೋಟಿಗೆ ಇಳಿಯಬೇಕಾಯಿತು.